ಯಜಮಾನರ ವನವಾಸದ ಸಿದ್ಧತೆ

೧೩ ನವೆಂಬರ್ ೨೦೧೫, ಶುಕ್ರವಾರ

ಇವತ್ತು ಟಪಾಲಿನಲ್ಲಿ ಮಾತ್ರೆ ಬಂದವು. ಜ್ವರಕ್ಕಲ್ಲ, ನೆಗಡಿಗಲ್ಲ. ಕೆನಡಾದ ಈ ನಮ್ಮ ಪಿಕರಿಂಗಿನ ಅಣುಸ್ಥಾವರದಲ್ಲಿ ಎಂದಾದರೂ ಏನಾದರೂ ಆದರೆ ನುಂಗಲಿಕ್ಕೆ. ಏನೂ ಆಗಿಲ್ಲ, ಹತ್ತಿರದ ಮನೆಗಳಿಗೆಲ್ಲ ಕೊಡುತ್ತಿದ್ದೇವೆ, ಬರೀ ಮುನ್ನೆಚ್ಚರಿಕೆ ಎಂದು ಜತೆಗಿದ್ದ ಕಾಗದದಲ್ಲಿ ಬರೆದಿತ್ತು. ಪಕ್ಕದ ಮನೆಯವರು ಅದನ್ನು ಡ್ರಾವರಿಗೆ ಹಾಕಿ ಮರೆತರಂತೆ. ನಮ್ಮ ಯಜಮಾನರು ಮೂರು ಸಲ ಓದಿದರು, ಕನ್ನಡಕ ಒರೆಸಿಕೊಂಡು ನಾಲ್ಕನೆಯ ಸಲ ಓದಿದರು, ಆಮೇಲೆ ಊಟ ಬಿಟ್ಟರು.

ಅವರು ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಸೇಫ್ಟಿ ಆಫೀಸರ್. ನೆಲ ಒದ್ದೆಯಿದ್ದರೆ ಹಳದಿ ಬೋರ್ಡು ಇಡಿಸುವುದು ಅವರ ಉದ್ಯೋಗ. ಹದಿನೈದು ವರ್ಷ ಅದನ್ನೇ ಮಾಡಿ ಮಾಡಿ ಈಗ ಭೂಮಿಯೆಲ್ಲ ಒದ್ದೆಯಾಗಿಯೇ ಕಾಣುತ್ತದೆ.

"ಇದು ಹಿಂಟ್. ಗೌರ್ಮೆಂಟಿನವರು ಬಾಯಿಬಿಟ್ಟ ಹೇಳಂಗಿಲ್ಲ," ಎಂದರು.

"ಹೇಳ್ಯಾರಲ್ರಿ, ದಪ್ಪ ಅಕ್ಷರದಾಗ."

"ನಿನಗ ತಿಳಿಯಂಗಿಲ್ಲ ಬಿಡು."

ನನಗೆ ತಿಳಿಯುವುದಿಲ್ಲ, ನಿಜ. ನಾನು ಪ್ಲಾಝಾದ ಹೊಲಿಗೆ ಅಂಗಡಿಯಲ್ಲಿ ಮದುವಣಗಿತ್ತಿಯರ ಗೌನಿನ ಸೊಂಟ ಹಿಡಿಯುವವಳು, ಬಿಡುವವಳು. ಮಗಳು ಅಕ್ಷರಾ ಮೊಬೈಲಿನಿಂದ ತಲೆ ಎತ್ತದೆ, "ಫ್ರೈಡೇ ದ ಥರ್ಟೀಂತ್, ಅಮ್ಮಾ. ಪರ್ಫೆಕ್ಟ್," ಎಂದಳು. ಹದಿಮೂರನೆಯ ತಾರೀಖು ಶುಕ್ರವಾರ ಬಂದರೆ ಇಲ್ಲಿಯವರಿಗೆ ಅಪಶಕುನವಂತೆ.

೩ ಜನವರಿ ೨೦೧೬, ಭಾನುವಾರ

ಬೇಸ್‌ಮೆಂಟಿಗೆ ಇಳಿಯಲು ದಾರಿಯಿಲ್ಲ. ಹಗ್ಗ, ಕೊಡಲಿ, ತಾಡಪತ್ರಿ, ನೀರು ಸೋಸುವ ಕೊಳವೆ, ಐದು ಚೀಲ ಅವಲಕ್ಕಿ. ಪ್ರಳಯವಾದರೂ ನಾವು ಒಗ್ಗರಣೆ ಅವಲಕ್ಕಿ ತಿನ್ನುತ್ತ ಇರುತ್ತೇವೆ. ಒಗ್ಗರಣೆಗೆ ಸಾಸಿವೆ ತರುವುದು ಮರೆತಿದ್ದಾರೆ, ಹೇಳಲಿಲ್ಲ.

ಹಿತ್ತಿಲಿನಲ್ಲಿ ಕೊಡಲಿ ಹಿಡಿದು ಫೋಟೋ ತೆಗೆಸಿಕೊಂಡರು. ಕಟ್ಟಿಗೆ ಮಾತ್ರ ನಾನು ಒಡೆದೆ, ಅವರಿಗೆ ಸೊಂಟನೋವು.

೨೧ ಫೆಬ್ರವರಿ ೨೦೧೬, ಭಾನುವಾರ

ಇವತ್ತು ವಿಷಯ ಹೊರಬಿತ್ತು. ಯಜಮಾನರ ಜತೆಗೆ ಕೆಲಸ ಮಾಡುವ ಟೆರಿ ಎಂಬವರದು ಬ್ಯಾಂಕ್ರಾಫ್ಟ್ ಕಡೆ ಕಾಡಿನ ನಡುವೆ ಒಂದು ಕ್ಯಾಬಿನ್ ಇದೆಯಂತೆ. ಈ ಮನೆ ಮಾರಿ ಅದನ್ನು ತೆಗೆದುಕೊಳ್ಳುವುದು, ಅಕ್ಷರಾ ಯೂನಿವರ್ಸಿಟಿಗೆ ಹೋದ ಕೂಡಲೇ ನಾವಿಬ್ಬರೂ ಅಲ್ಲಿಗೆ ಹೋಗಿ ಪ್ರಕೃತಿಯ ಮಡಿಲಲ್ಲಿ ಬದುಕುವುದು. ಕರೆಂಟಿಲ್ಲ. ನಲ್ಲಿಯಿಲ್ಲ. ಸಂಡಾಸು ಹೊರಗೆ.

ಸವದತ್ತಿ ಹತ್ತಿರದ ನನ್ನ ಹಳ್ಳಿಯಲ್ಲಿ ಇವೆಲ್ಲ ಇದ್ದವು. ಅಂದರೆ ಇರಲಿಲ್ಲ. ಹತ್ತೊಂಬತ್ತು ವರ್ಷ ತಲೆಯ ಮೇಲೆ ನೀರು ಹೊತ್ತಿದ್ದೇನೆ, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ರೊಟ್ಟಿ ಬಡಿದಿದ್ದೇನೆ. ಈ ಅಡುಗೆಮನೆಯಲ್ಲಿ ಬಲಕ್ಕೆ ತಿರುಗಿಸಿದರೆ ತಣ್ಣೀರು, ಎಡಕ್ಕೆ ತಿರುಗಿಸಿದರೆ ಬಿಸಿನೀರು. ಇಷ್ಟು ದೂರ ಬಂದು ಗಳಿಸಿದ್ದು ಇದೊಂದೇ ಎಂದು ಕೆಲವೊಮ್ಮೆ ಅನಿಸುತ್ತದೆ. ಇದನ್ನು ಬಿಡುವುದಿಲ್ಲ.

ನನ್ನ ಸಹಿ ಇಲ್ಲದೆ ಮನೆ ಮಾರುವಂತಿಲ್ಲ. ಕೆನಡಾದ ಕಾನೂನು ನನಗೆ ಹಿಡಿಸಿದ್ದು ಇವತ್ತೇ.

ಕೊನೆಗೆ ಒಂದು ಕರಾರಾಯಿತು. ಮೇ ತಿಂಗಳಿಂದ ಕಾಡಿನಲ್ಲಿ ಬದುಕುವ ವಿದ್ಯೆ ಕಲಿಸುವ ಕೋರ್ಸಿದೆಯಂತೆ, ಎರಡು ವಾರಕ್ಕೊಂದು ಭಾನುವಾರ. "ನೀನೂ ಬಾ. ಅಕ್ಟೋಬರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಟಾ ನೋಡು. ಆಮ್ಯಾಲೂ ಬ್ಯಾಡ ಅಂದ್ರ ಬಿಟ್ಟಬಿಡೂಣು," ಎಂದರು. ಟೆರಿ ಅಕ್ಟೋಬರದವರೆಗೆ ಕಾಯುತ್ತಾರಂತೆ. ಒಪ್ಪಿದೆ. ಇವರು ಸೋಲುವುದನ್ನು ಐದು ತಿಂಗಳು ಹತ್ತಿರದಿಂದ ನೋಡುವ ಅವಕಾಶ ಯಾರು ಬಿಡುತ್ತಾರೆ?

೧ ಮೇ ೨೦೧೬, ಭಾನುವಾರ

ಮೊದಲ ಪಾಠ. ಅಕ್ಸ್‌ಬ್ರಿಡ್ಜ್ ಕಡೆಯ ಕಾಡು. ಹನ್ನೊಂದು ಜನ, ಎಲ್ಲರ ಮೈಮೇಲೂ ನೂರು ಜೇಬಿನ ಪ್ಯಾಂಟು. ಕಲಿಸುವಾಕೆ ಮಾರ್ಗೋ, ಅರವತ್ತು ದಾಟಿದವಳು, ಕೈ ನೋಡಿದರೆ ಹೊಲದಲ್ಲಿ ದುಡಿದವಳ ಹಾಗಿದೆ.

ಇವತ್ತಿನ ವಿದ್ಯೆ: ಬೆಂಕಿ ಹೊತ್ತಿಸುವುದು. ಇದಕ್ಕೆ ಫೀ ಕಟ್ಟಿದ್ದೇವೆ. ಒಂದು ಕಬ್ಬಿಣದ ಕಡ್ಡಿ ಗೀರಿ ಕಿಡಿ ಹಾರಿಸಬೇಕು. ಎಲ್ಲರೂ ಒಂದು ತಾಸು ಗೀರಿದರು. ಯಜಮಾನರು ವಿಡಿಯೋದಲ್ಲಿ ನೋಡಿದ ಹಾಗೆ ಮೊಣಕಾಲೂರಿ ಗೀರಿ ಗೀರಿ ಹೆಬ್ಬೆರಳು ಸುಲಿದುಕೊಂಡರು. ನಾನು ಸುಮ್ಮನೆ ನಿಂತಿದ್ದೆ. ಮಾರ್ಗೋ ಕಡ್ಡಿಯನ್ನು ನನ್ನ ಕೈಗೂ ಕೊಟ್ಟಳು.

ಒದ್ದೆ ಹತ್ತಿಕಟ್ಟಿಗೆಯಲ್ಲಿ, ಆಷಾಢದ ಗಾಳಿಯಲ್ಲಿ, ಬೈಯುವ ಅಜ್ಜಿಯ ಮುಂದೆ ಒಲೆ ಹೊತ್ತಿಸಿದವಳಿಗೆ ಇದೇನು ದೊಡ್ಡದು? ತೆಳ್ಳಗಿನದು ಕೆಳಗೆ, ದಪ್ಪದ್ದು ಮೇಲೆ, ನಡುವೆ ಉಸಿರಾಡಲು ಜಾಗ. ನೆಲಕ್ಕೆ ಗಲ್ಲ ಹಚ್ಚಿ ಊದಿದೆ. ಹೊತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಲೆ ಹಚ್ಚಿದ್ದಕ್ಕೆ ಚಪ್ಪಾಳೆ! ಅಜ್ಜಿ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಮಾರ್ಗೋ ನನ್ನ ಹೆಸರು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ಶೀ ಈಸ್ ಮೈ ವೈಫ್," ಎಂದರು. ಅವರನ್ನು ಇಲ್ಲಿ ಎಲ್ಲರೂ 'ವೀರ್' ಎನ್ನುತ್ತಾರೆ. ನಾನು ಹೆಂಡತಿ ಎಂಬ ಹೆಸರಿನವಳು.

೨ ಮೇ, ಸೋಮವಾರ

ಸವದತ್ತಿಯಿಂದ ಅಕ್ಕ ರುದ್ರವ್ವನ ಫೋನು. ಹೇಳಿದೆ.

"ರೊಕ್ಕಾ ಕೊಟ್ಟ ಅಡವ್ಯಾಗ ಒಲಿ ಹಚ್ಚಾಕ ಹೋಗೀರೇನ? ಇಲ್ಲಿಗೆ ಬರ್ರೆವಾ, ನಾ ಪುಕ್ಕಟೆ ಕಲಸ್ತೀನಿ," ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

೧೨ ಜೂನ್, ಭಾನುವಾರ

ಆಶ್ರಯ ಕಟ್ಟುವ ಪಾಠ. ಯಜಮಾನರ ಗುಡಿಸಲು ಅವರ ಮೇಲೆಯೇ ಬಿತ್ತು. ಅವರು ಅದಕ್ಕೂ ಒಂದು ಹಳದಿ ಬೋರ್ಡು ಇಡಿಸಬೇಕಿತ್ತು. ನನ್ನ ತಾಡಪತ್ರಿಯ ಅಂಚಿಗೆ ನಾನು ದಾರ ಹಾಕಿ ಬಿಗಿದದ್ದನ್ನು ಮಾರ್ಗೋ ಫೋಟೋ ತೆಗೆದಳು. ಸೊಳ್ಳೆಗಳು ಲೆಕ್ಕವಿಲ್ಲ.

೧೦ ಜುಲೈ, ಭಾನುವಾರ

ದಾರಿಯ ಬದಿಯಲ್ಲಿ ಕಣ್ಣು ಹಾಯುವವರೆಗೆ ಸಬ್ಬಸಿಗೆ! ಎದೆಯೆತ್ತರ ಬೆಳೆದು, ಛತ್ರಿಯಂಥ ಹಳದಿ ಹೂವು ಬಿಟ್ಟು ನಿಂತಿದೆ. ವಾಸನೆ ಮಾತ್ರ ನಮ್ಮದರ ಹಾಗಿರಲಿಲ್ಲ. ಕೆನಡಾದಲ್ಲಿ ಯಾವ ಕಾಯಿಪಲ್ಯೆಗೆ ವಾಸನೆ ಇದೆ ಎಂದು ಸಮಾಧಾನ ಮಾಡಿಕೊಂಡೆ. ಅಂಗಿಯ ತೋಳು ಮಡಚಿ, ಉಳಿದವರು ನೋಡಲಿ ಎಂದೇ ಗಟ್ಟಿಯಾಗಿ ಮಾತಾಡುತ್ತ, ಒಂದು ಹೊರೆ ಕಿತ್ತು ಎದೆಗವಚಿಕೊಂಡು ಬಂದೆ. ಇವರಿಗೆಲ್ಲ ಸೊಪ್ಪಿನ ಗುರುತು ಎಲ್ಲಿಂದ ಬರಬೇಕು, ನಾನು ಕಲಿಸುತ್ತೇನೆ ಎಂಬ ಜಂಬ.

ಮಾರ್ಗೋ ದೂರದಿಂದಲೇ ಕೂಗಿಕೊಂಡು ಓಡಿಬಂದಳು. ಕೈಯಲ್ಲಿದ್ದದ್ದನ್ನು ಕೆಳಗೆ ಚೆಲ್ಲಿಸಿ, ಬಾಟಲಿಯ ನೀರೆಲ್ಲ ತೋಳಿಗೆ ಸುರಿದು ತೊಳೆದಳು. ಅದು ಕಾಡು ಪಾರ್ಸ್‌ನಿಪ್ ಅಂತೆ. ರಸ ಹತ್ತಿದ ಮೈಗೆ ಬಿಸಿಲು ತಾಗಿದರೆ ಸುಟ್ಟಂತೆ ಆಗುತ್ತದಂತೆ. "ಏನೂ ಆಗಿಲ್ಲ," ಎಂದೆ. ಆಗಿನ್ನೂ ಏನೂ ಆಗಿರಲಿಲ್ಲ.

೧೨ ಜುಲೈ, ಮಂಗಳವಾರ

ಎರಡೂ ತೋಳಿನಲ್ಲಿ ಬೊಬ್ಬೆ. ಡಾಕ್ಟರು ಮುಲಾಮು ಕೊಟ್ಟರು, ಕಲೆ ಬಹಳ ದಿನ ಉಳಿಯುತ್ತದೆ ಎಂದರು. ಸೂಜಿ ಹಿಡಿಯಲಾಗದೆ ರಜೆ.

ಯಜಮಾನರ ಮುಖದ ಸಂತೋಷ ನೋಡಬೇಕಿತ್ತು. "ಅಡವಿ ಅಂದ್ರ ನಿನ್ನ ಅಡಗೀಮನಿ ಅಲ್ಲ, ತಿಳೀತ?" ಎಂದರು. ಎರಡು ತಿಂಗಳಿನಲ್ಲಿ ಅವರು ಆಡಿದ ಮೊದಲ ಸರಿಯಾದ ಮಾತು. ಅದಕ್ಕೇ ಹೆಚ್ಚು ಉರಿಯಿತು.

೧೬ ಜುಲೈ, ಶನಿವಾರ

ಅಕ್ಷರಾ ಮುಲಾಮು ಹಚ್ಚುತ್ತ, "ಅಮ್ಮಾ, ಯೂ ಕ್ಯಾನ್ ಜಸ್ಟ್ ಕ್ವಿಟ್. ನೋಬಡಿ ವುಡ್ ಬ್ಲೇಮ್ ಯೂ," ಎಂದಳು.

ಹೌದಲ್ಲ! ಬಿಡಲು ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ? ಗಾಯ ಇದೆ, ಡಾಕ್ಟರ ಚೀಟಿ ಇದೆ. ಕ್ಯಾಬಿನ್ನಿನ ಮಾತು ಇವತ್ತೇ ಮುಗಿಸಬಹುದು.

ಲೈಬ್ರರಿಗೆ ಹೋಗಿ ಒಂಟಾರಿಯೋದ ಗಿಡಗಳ ಪುಸ್ತಕ ತಂದೆ. ಮೋಸ ಮಾಡಿದ ಗಿಡ ಯಾವುದು, ಮುಖ ನೋಡಿಟ್ಟುಕೊಳ್ಳೋಣ ಎಂದು, ಅಷ್ಟೇ.

೨೪ ಜುಲೈ, ಭಾನುವಾರ

ಹೋದೆ. ಮುಖ ಗುರುತಾಗಿದೆ. ಪಾರ್ಸ್‌ನಿಪ್ಪಿನ ಎಲೆ ಅಗಲ, ಸಬ್ಬಸಿಗೆಯದು ಕೂದಲಿನಂತೆ. ಕಣ್ಣಿದ್ದವರಿಗೆ ಕಾಣುತ್ತದೆ, ಜಂಬವಿದ್ದವರಿಗೆ ಕಾಣುವುದಿಲ್ಲ. ಮಾರ್ಗೋಗೆ ಹನ್ನೆರಡು ಪ್ರಶ್ನೆ ಕೇಳಿದೆ. ನನ್ನ ಹೆಸರನ್ನೂ ಹೇಳಿದೆ. "ನೀ-ಲಾಂ-ಬಿ-ಕಾ," ಎಂದು ಅವಳು ನಾಲ್ಕು ಮೆಟ್ಟಿಲು ಹತ್ತಿದಂತೆ ಹೇಳಿದಳು. ಮೊಟಕು ಮಾಡಲಿಲ್ಲ.

ಡ್ಯಾಂಡೆಲಿಯನ್ ಎಂದು ಇಲ್ಲಿಯವರು ವಿಷ ಹೊಡೆದು ಸಾಯಿಸುವ ಗಿಡ ನಮ್ಮ ಹಕ್ಕರಕಿ ಸೊಪ್ಪಿನ ನೆಂಟ. ಎಳೆಯ ಎಲೆ ತೊಳೆದು, ಶೇಂಗಾ ಚಟ್ನಿ ಹಚ್ಚಿ, ರೊಟ್ಟಿಯ ಜತೆ ಅವಳಿಗೆ ಕೊಟ್ಟೆ. ಎರಡು ರೊಟ್ಟಿ ತಿಂದಳು. ಯಜಮಾನರು ಪ್ಯಾಕೆಟ್ಟಿನ ಮಿಲಿಟರಿ ಊಟಕ್ಕೆ ಬಿಸಿನೀರು ಹಾಕಿಕೊಂಡು ಕೂತಿದ್ದರು.

೨೧ ಆಗಸ್ಟ್, ಭಾನುವಾರ

ದಿಕ್ಕಿನ ಪಾಠ. ಯಜಮಾನರಿಗೆ ಹೊಸ ದಿಕ್ಸೂಚಿ, ಸೈನ್ಯದವರದಂತೆ. ನನಗೆ ಮಾರ್ಗೋ ನೆರಳು ನೋಡಲು ಕಲಿಸಿದಳು. ಮೋಡ ಬಂದರೆ ಕೂತುಬಿಡಬೇಕಂತೆ. ಗಂಡಸರು ಕೂರುವುದಿಲ್ಲ, ಅದಕ್ಕೇ ಹೆಚ್ಚು ಕಳೆದುಹೋಗುತ್ತಾರೆ ಎಂದಳು.

೪ ಸೆಪ್ಟೆಂಬರ್, ಭಾನುವಾರ

ಅಕ್ಷರಾಳನ್ನು ವಾಟರ್ಲೂ ಯೂನಿವರ್ಸಿಟಿಗೆ ಬಿಟ್ಟುಬಂದೆವು. ಮನೆ ಖಾಲಿ. ಬರೆಯಲು ಮನಸ್ಸಿಲ್ಲ.

೧೮ ಸೆಪ್ಟೆಂಬರ್, ಭಾನುವಾರ

ರಾತ್ರಿ ಬಹಳವಾಗಿದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಒಬ್ಬೊಬ್ಬರೇ ದಿಕ್ಸೂಚಿ ಹಿಡಿದು ಕಾಡಿನೊಳಗೆ ಮೂರು ಗುರುತು ಹುಡುಕಿ ಬರಬೇಕಿತ್ತು. ಒಂದು ತಾಸಿನ ಕೆಲಸ. ಎಲ್ಲರೂ ಬಂದರು, ಯಜಮಾನರು ಬರಲಿಲ್ಲ. ಎರಡು ತಾಸಾಯಿತು. ಮಾರ್ಗೋ ಕೊಟ್ಟಿದ್ದ ಸೀಟಿ ಕಾರಿನಲ್ಲೇ ಬಿದ್ದಿತ್ತು, ಅದು ಮಕ್ಕಳ ಆಟಿಕೆ ಎಂದು ಬಿಟ್ಟುಹೋಗಿದ್ದರು. ಆಮೇಲೆ ತಿಳಿಯಿತು, ದಿಕ್ಸೂಚಿಯನ್ನು ಫೋನಿನ ಕವರಿಗೆ ಹಚ್ಚಿಕೊಂಡು ನಡೆದಿದ್ದಾರೆ. ಕವರಿನಲ್ಲಿ ಅಯಸ್ಕಾಂತ. ಮುಳ್ಳು ಫೋನಿನ ಕಡೆ ತಿರುಗಿದೆ, ಇವರು ಮುಳ್ಳಿನ ಹಿಂದೆ ತಿರುಗಿದ್ದಾರೆ.

ಮೂರು ಗುಂಪಾಗಿ ಹುಡುಕಲು ಹೊರಟೆವು. ಎಲ್ಲ ಕಡೆಯಿಂದ "ವೀರ್! ವೀರ್!" ಎಂಬ ಕೂಗು. ಉತ್ತರವಿಲ್ಲ. ನಾನು ಮಾರ್ಗೋ ಜತೆ ಇದ್ದೆ.

"ರೀ! ಏನ್ರೀ! ರೀ!" ಎಂದು ಕೂಗಿದೆ.

ಮಾರ್ಗೋ ನಿಂತಳು. ಅದೇನು ಕೂಗುತ್ತಿದ್ದೀಯ ಎಂದು ಕೇಳಿದಳು. ಗಂಡನನ್ನು ಕರೆಯುತ್ತಿದ್ದೇನೆ ಎಂದೆ. ಅದು ಅವನ ಹೆಸರಲ್ಲವಲ್ಲ ಎಂದಳು. ಅಲ್ಲ, ನಾವು ಹೆಸರು ಹೇಳುವುದಿಲ್ಲ ಎಂದೆ. ಆ ಮಳೆಯಲ್ಲಿ, ಆ ಕಾಡಿನಲ್ಲಿ, ಇಪ್ಪತ್ಮೂರು ವರ್ಷದ ಸಂಸಾರವನ್ನು ಇಂಗ್ಲಿಷಿನಲ್ಲಿ ಹೇಗೆ ಬಿಡಿಸಿ ಹೇಳುವುದು? ಚಳಿ ಹಿಡಿದವನಿಗೆ ಬುದ್ಧಿ ಮಂಕಾಗುತ್ತದೆ, ಹುಟ್ಟಿನಿಂದ ಕೇಳಿದ ಹೆಸರಿಗೆ ಮಾತ್ರ ಓಗೊಡುತ್ತಾನೆ, ಪೂರ್ತಿ ಹೆಸರು ಕೂಗು ಎಂದಳು.

ಮದುವೆಯ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿಸಿದಾಗ ಒಮ್ಮೆ ಆ ಹೆಸರು ಬಾಯಿಂದ ಬಂದಿತ್ತು. ಅದೂ ಪ್ರಾಸದ ನಡುವೆ ಮುಚ್ಚಿಟ್ಟು, ಸೆರಗು ಬಾಯಿಗೆ ಹಿಡಿದು. ಆಮೇಲೆ ಬ್ಯಾಂಕಿನಲ್ಲಿ ಕೇಳಿದರೂ ಬರೆದು ತೋರಿಸಿದ್ದೇನೆ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಹೇಳಿದ್ದಳು. ಇವತ್ತು ಹೇಳದಿದ್ದರೆ ಆಯುಷ್ಯ ಮುಗಿಯುವ ಹಾಗಿತ್ತು.

"ವೀರಭದ್ರಪ್ಪಾ!"

ನನ್ನ ದನಿಗೆ ನನಗೇ ಹೆದರಿಕೆಯಾಯಿತು. ಇನ್ನೊಮ್ಮೆ ಕೂಗಿದೆ. ಗಂಟಲು ಹರಿಯುವ ಹಾಗೆ ಮೂರನೆಯ ಸಲ ಕೂಗಿದೆ.

"ಓ... ಇಲ್ಲೇ ಅದೀನಿ..." ಎಡಗಡೆಯಿಂದ, ಹತ್ತಿರದಿಂದಲೇ ಬಂತು.

ಒಂದು ಸ್ಪ್ರೂಸ್ ಮರದ ಕೆಳಗೆ ಮುದುಡಿ ಕೂತಿದ್ದರು. ತುಟಿ ನೀಲಿ, ಮಾತು ತೊದಲು. ಮಾರ್ಗೋ ಅವರ ಒದ್ದೆ ಬಟ್ಟೆ ಬಿಚ್ಚಿ ತನ್ನ ಕೋಟು ಹೊದಿಸಿದಳು, ನನಗೆ ಬೆಂಕಿ ಹೊತ್ತಿಸು ಎಂದಳು. ಎಲ್ಲ ತೊಯ್ದಿತ್ತು. ಬರ್ಚ್ ಮರದ ತೊಗಟೆ ಸುಲಿದೆ, ಅದು ಒದ್ದೆಯಾದರೂ ಹತ್ತುತ್ತದೆ. ಸ್ಪ್ರೂಸಿನ ಬುಡದ ಒಣ ಕಡ್ಡಿ ಮುರಿದೆ. ಊದಿದೆ. ಹತ್ತದಿದ್ದರೆ ಏನು ಗತಿ ಎಂದು ಆಗ ಹೊಳೆಯಲೇ ಇಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ. ಹತ್ತಿತು. ಬೆಲ್ಲದ ಬಿಸಿನೀರು ಕುಡಿಸಿದೆ.

ಮನೆಗೆ ಬಂದ ಮೇಲೆ ಕೇಳಿದೆ: "ಅಷ್ಟ ಮಂದಿ ಒದರಿದ್ರಲ್ಲ, ಕೇಳಸ್ಲಿಲ್ಲೇನ್ರಿ?"

ಕನ್ನಡಕ ತೆಗೆದು ಒರೆಸಿಕೊಂಡರು.

"ಕೇಳಸ್ತಿತ್ತು. ಸೇಫ್ಟಿ ಆಫೀಸರ್ ನಾ. ಆ ಮಂದಿ ಮುಂದ ಹೆಂಗ ಓ ಅನ್ಲಿ? ... ಆಮ್ಯಾಲ ಅವ್ವ ಕರದಂಗಾತು."

ಮಾನಕ್ಕಾಗಿ ಸಾಯಲು ಕೂತಿದ್ದ ಮನುಷ್ಯ! ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಇವರಿಲ್ಲದೆ ಹೋದರೆ ನಾನು ಯಾರ ಮೇಲೆ ಈ ಪುಸ್ತಕ ಬರೆಯಲಿ?

೧ ಅಕ್ಟೋಬರ್, ಶನಿವಾರ

ವೀರಭದ್ರಪ್ಪ ಬೇಸ್‌ಮೆಂಟಿನ ಹಗ್ಗ, ಕೊಡಲಿ ಎಲ್ಲ ಡಬ್ಬಿಗೆ ತುಂಬಿದರು. "ಮುಗೀತು. ಕ್ಯಾಬಿನ್ ಬ್ಯಾಡ. ಟೆರಿಗೆ ಹೇಳಿಬಿಡ್ತೀನಿ. ನೀನಽ ಗೆದ್ದಿ," ಎಂದರು. ಕೋರ್ಸಿನ ಕೊನೆಯ ಪರೀಕ್ಷೆಗೂ ಹೋಗುವುದಿಲ್ಲವಂತೆ. ಅದು ಒಂದು ಸಂಜೆಯಿಂದ ಬೆಳಗಿನವರೆಗೆ ಕಾಡಿನಲ್ಲಿ ಒಬ್ಬರೇ ಇರುವುದು.

ಗೆದ್ದೆ. ನನ್ನ ನಲ್ಲಿ, ನನ್ನ ಅಡುಗೆಮನೆ, ಎಲ್ಲ ಉಳಿಯಿತು. ಹೋಳಿಗೆ ಮಾಡಬೇಕಿತ್ತು. ಬದಲಿಗೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ. ಹೋಗೋಣ ಎಂದವರೂ ಇವರೇ, ಬೇಡ ಎಂದವರೂ ಇವರೇ. ನಡುವೆ ಐದು ತಿಂಗಳು ಸೊಳ್ಳೆ ಕಚ್ಚಿಸಿಕೊಂಡವಳನ್ನು ಹೋಗುವಾಗಲೂ ಕೇಳಲಿಲ್ಲ, ಬರುವಾಗಲೂ ಕೇಳಲಿಲ್ಲ. ನನಗೆ ಸಿಟ್ಟು ಬಂದಿದೆ. ಬೇಕಾದದ್ದೇ ಸಿಕ್ಕ ಮೇಲೆ ಯಾಕೆ ಸಿಟ್ಟು ಎಂದು ಮಾತ್ರ ತಿಳಿಯುತ್ತಿಲ್ಲ.

೭ ಅಕ್ಟೋಬರ್, ಶುಕ್ರವಾರ

ಪರೀಕ್ಷೆಗೆ ನಾನು ಹೋಗುತ್ತೇನೆ ಎಂದು ಮಾರ್ಗೋಗೆ ಹೇಳಿಬಿಟ್ಟೆ. ಕಟ್ಟಿದ ಫೀ ವ್ಯರ್ಥವಾಗಬಾರದು.

"ಒಬ್ಬಾಕೀನಾ? ಹುಚ್ಚಗಿಚ್ಚ ಹಿಡದೈತೇನ? ನಿನಗ ಏನರ ಆದ್ರ?" ಎಂದರು ವೀರಭದ್ರಪ್ಪ.

"ಆಗಂಗಿಲ್ಲ."

"ಹಂಗಾದ್ರ ನನ್ನ ಊಟ?"

"ಐದ ಚೀಲ ಅವಲಕ್ಕಿ ಅದಾವಲ್ರಿ."

೯ ಅಕ್ಟೋಬರ್, ಭಾನುವಾರ

ನಿನ್ನೆ ನಾನೇ ಬ್ರಾಕ್ ರೋಡ್ ಹಿಡಿದು ಅಕ್ಸ್‌ಬ್ರಿಡ್ಜಿಗೆ ಕಾರು ಓಡಿಸಿದೆ. ಪ್ಲಾಝಾ ಬಿಟ್ಟು ಅಷ್ಟು ದೂರ ಒಬ್ಬಳೇ ಹೋದದ್ದು ಮೊದಲ ಸಲ. ಇವತ್ತು ಮಧ್ಯಾಹ್ನ ಬಂದೆ.

ಬಾಗಿಲಲ್ಲೇ ನಿಂತಿದ್ದರು. ಅಡುಗೆಮನೆಯಲ್ಲಿ ಸುಟ್ಟ ಅವಲಕ್ಕಿಯ ವಾಸನೆ. ಸಾಸಿವೆ ಇಲ್ಲದೆ ಒಗ್ಗರಣೆ ಹಾಕಿದ್ದಾರೆ, ಎಣ್ಣೆಗೆ ಬೆಂಕಿ ಹತ್ತಿ ಸ್ಮೋಕ್ ಅಲಾರಂ ಕೂಗಿದೆ. ಆ ರಾತ್ರಿ ನಮ್ಮಿಬ್ಬರಲ್ಲಿ ಅಪಾಯದಲ್ಲಿದ್ದದ್ದು ಅವರೇ.

"ಹೆದರಿಕಿ ಆಗ್ಲಿಲ್ಲ?" ಎಂದು ಕೇಳಿದರು.

"ಆತು."

"ಮತ್ತ ಏನ ಮಾಡಿದಿ?"

"ಏನ ಮಾಡೂದು? ಹೆದರಿಕಿ ಆತು, ಬೆಂಕಿಗೆ ಕಟ್ಟಿಗಿ ಹಾಕಿದೆ. ಮತ್ತ ಆತು, ಮತ್ತ ಹಾಕಿದೆ. ಬೆಳಗಾತು."

ಇದಕ್ಕಿಂತ ಹೆಚ್ಚು ಬರೆಯಲು ಬರುತ್ತಿಲ್ಲ. ಒಂದು ರಾತ್ರಿ ಪೂರ್ತಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅಷ್ಟು ಸುಖವಾಗಿ ಹೆದರಿದ್ದು ನನಗೆ ನೆನಪಿಲ್ಲ.

೧೫ ಅಕ್ಟೋಬರ್, ಶನಿವಾರ

ಬೆಳಿಗ್ಗೆ ಟೆರಿ ಫೋನು. ಹೌದೋ ಅಲ್ಲವೋ ಇವತ್ತು ಹೇಳಿಬಿಡಿ, ಬೇರೆಯವರು ಕೇಳುತ್ತಿದ್ದಾರೆ ಎಂದರು. ಹೇಳಿಬಿಡುತ್ತೇನೆ ಎಂದಿದ್ದ ಇವರು ಹೇಳಿಯೇ ಇರಲಿಲ್ಲ. ಫೋನು ನನ್ನ ಕೈಯಲ್ಲಿತ್ತು. ವೀರಭದ್ರಪ್ಪ ಎದುರಿಗೆ ನಿಂತು, ಬೇಡ ಎನ್ನು ಎಂದು ಕೈಯಾಡಿಸುತ್ತಿದ್ದರು.

"ಇವತ್ತು ನೋಡಲು ಬರುತ್ತೇವೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನು ಇಟ್ಟೆ.

"ಏನ ಹಚ್ಚೀದಿ ಇದು? ಬ್ಯಾಡ ಅಂತ ಮುಗದೈತಲ್ಲ?"

"ನಿಮಗ ಮುಗದೈತಿ. ನಾ ಇನ್ನೂ ನೋಡಽ ಇಲ್ಲ. ನೋಡಲಾರದ ಬ್ಯಾಡ ಅನ್ನೂದು ಹೆಂಗ?"

ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ: ಕಾಡಿನಲ್ಲಿ ಹೋಗಿ ಇರುವ ವಿಚಾರ ನನಗೆ ಖಂಡಿತ ಇಲ್ಲ. ನನ್ನ ಅಡುಗೆಮನೆ ಬಿಟ್ಟು ಒಂದು ಹೆಜ್ಜೆ ಕದಲುವವಳಲ್ಲ. ಒಲೆಯ ಹೊಗೆ ಯಾವ ಕಡೆ ಹೋಗುತ್ತದೆ, ಬಾಗಿಲಿನಿಂದ ನೀರಿಗೆ ಎಷ್ಟು ಹೆಜ್ಜೆ, ಹಿಂದೆ ಬರ್ಚ್ ಮರಗಳಿವೆಯೋ ಇಲ್ಲವೋ, ಚಳಿಗಾಲದ ಕಟ್ಟಿಗೆ ಎಲ್ಲಿ ಒಟ್ಟಬಹುದು, ಹೊಲಿಗೆ ಯಂತ್ರ ಇಡಲು ಬೆಳಕಿನ ಕಿಟಕಿ ಯಾವುದು, ಇಷ್ಟೇ ನೋಡಿಕೊಂಡು ಬರುವುದು.

ರೊಟ್ಟಿ ಕಟ್ಟಿಕೊಂಡು ಬೂಟು ಹಾಕುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತರು.

"ನಾನೂ ಬರ್ಲೇನ?"

ಇಪ್ಪತ್ಮೂರು ವರ್ಷದಲ್ಲಿ ನನಗೆ ಏಳು ಎಂದಿದ್ದಾರೆ, ನಡಿ ಎಂದಿದ್ದಾರೆ, ತಡ ಆತು ಎಂದಿದ್ದಾರೆ. ಈ ಮಾತು ಕೇಳಿರಲಿಲ್ಲ. ಕಟ್ಟಿದ್ದ ಲೇಸು ಬಿಚ್ಚಿ ಇನ್ನೊಮ್ಮೆ ಕಟ್ಟಿದೆ.

"ಬರ್ರಿ," ಎಂದೆ. "ಆದ್ರ ಹಾದಿ ನಾ ಹೇಳ್ತೀನಿ."